ಬೋರ್ಡಿಲ್ಲದ ಅಂಗಡಿಯಲ್ಲಿ ನನ್ನ ಸತ್ಯವೇದ ಮತ್ತೆ ಹೊಲಿಸಿಕೊಂಡೆ

ದಾವಣಗೆರೆ ಮಂಡಿಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿ ಪುಸ್ತಕ ಬೈಂಡಿಂಗ್ ಮಾಡುವ ಒಬ್ಬರು ಚಾಚಾ ಇದ್ದಾರೆ. ಅಂಗಡಿಗೆ ಬೋರ್ಡಿಲ್ಲ. ಎಂಟಡಿ ಅಗಲದ ಮಳಿಗೆ, ಬಾಗಿಲ ಪಕ್ಕ ಒರಗಿಸಿಟ್ಟ ರಟ್ಟಿನ ಹಾಳೆಗಳು, ಒಳಗೆ ಹಳೇ ಕಬ್ಬಿಣದ ಪ್ರೆಸ್ಸು. ಸಂಡೇ ಸ್ಕೂಲ್ ಟೀಚರ್‌ಗಳು, ಮನೆ ಕೂಟ ನಡೆಸುವವರು, ಹಾಡಿನ ಗುಂಪಿನವರು, ಪಾಸ್ಟರಮ್ಮನವರು, ನಿಮಗೆಲ್ಲ ಈ ಅಂಗಡಿ ಬಗ್ಗೆ ಹೇಳಲೇಬೇಕು ಅನ್ನಿಸಿತು. ನಮ್ಮ ಚೀಲದಲ್ಲಿ ಇರುವಷ್ಟು ಹರಿದ ಪುಸ್ತಕ ಬೇರೆ ಯಾರ ಚೀಲದಲ್ಲೂ ಇರಲಿಕ್ಕಿಲ್ಲ.

ನಾನು ವಿನೋಬನಗರದಲ್ಲಿ ಬಟ್ಟೆ ಹೊಲಿಯುತ್ತೇನೆ. ಬ್ಲೌಸು, ಚೂಡಿದಾರ, ಜೂನ್ ಬಂದರೆ ಶಾಲೆ ಮಕ್ಕಳ ಯೂನಿಫಾರಂ. ಭಾನುವಾರ ಬೆಳಿಗ್ಗೆ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಮಕ್ಕಳಿಗೆ ಸಂಡೇ ಸ್ಕೂಲ್. 16 ವರ್ಷ ಆಯಿತು. ನನ್ನ ಹತ್ತಿರ ಇರುವ ಸತ್ಯವೇದ, ಅಂದರೆ ಬೈಬಲ್, 2003ರಲ್ಲಿ, ನನ್ನ ಮದುವೆಗೆ ಅಪ್ಪ ಕೊಟ್ಟಿದ್ದು. ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಓದಿದ್ದು ನಾಲ್ಕನೇ ಕ್ಲಾಸು. ಮೊದಲ ಖಾಲಿ ಹಾಳೆಯ ಮೇಲೆ ನನ್ನ ಹೆಸರು, ತಾರೀಕು, ಕೆಳಗೆ ತಮ್ಮ ಸಹಿ, ಮೂರನ್ನೂ ಒತ್ತಿ ಒತ್ತಿ ಬರೆದಿದ್ದಾರೆ. ಬೆರಳಾಡಿಸಿದರೆ ಹಿಂಬದಿಯಲ್ಲೂ ಅಕ್ಷರ ಕೈಗೆ ಸಿಗುತ್ತದೆ. ಅಪ್ಪ ಈಗಿಲ್ಲ.

ಮೂರ್ನಾಲ್ಕು ವರ್ಷದ ಹಿಂದೆ ಈ ಪುಸ್ತಕದ ಬೆನ್ನು ಬಿಟ್ಟುಹೋಗಿತ್ತು. ಆಗ ಅವಸರದಲ್ಲಿ ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟೆ. ಅವರು ಪಕ್ಕದಿಂದ ನಾಲ್ಕು ದಪ್ಪ ಪಿನ್ ಹೊಡೆದು, ಮೇಲೆ ಅಂಟು ಪಟ್ಟಿ ಎಳೆದು, ಹತ್ತೇ ನಿಮಿಷದಲ್ಲಿ ಕೈಗಿಟ್ಟರು. ನೋಡಲು ಗಟ್ಟಿಯಾಗೇ ಇತ್ತು. ಆದರೆ ಅಂದಿನಿಂದ ಪುಸ್ತಕ ಪೂರ್ತಿ ತೆರೆಯಲಿಲ್ಲ. ಮೊಣಕೈಯಿಂದ ಒತ್ತಿ ಹಿಡಿದು ಓದಬೇಕು. ಸತ್ಯವೇದದ ಕಾಗದ ಎಷ್ಟು ತೆಳು ಅಂತ ನಿಮಗೆ ಗೊತ್ತಿದೆ ಅಲ್ವಾ? ಒತ್ತಿದಾಗಲೆಲ್ಲ ಪಿನ್ ಇದ್ದ ಕಡೆ ಹಾಳೆ ಸ್ವಲ್ಪ ಸ್ವಲ್ಪವೇ ಹರಿಯುತ್ತಾ ಬಂತು. ನಾನು ಸೆಲ್ಲೋ ಟೇಪ್ ಹಚ್ಚುತ್ತಾ ಬಂದೆ.

ಈ ಮೇ ತಿಂಗಳಲ್ಲಿ ನಮ್ಮ ಸಭೆಯಲ್ಲಿ 10 ದಿನ ವಿಬಿಎಸ್, ಅಂದರೆ ಮಕ್ಕಳ ರಜೆಯ ಬೈಬಲ್ ಶಾಲೆ, ಇತ್ತು. 43 ಮಕ್ಕಳು. ಹಾಡು ಕಲಿಸುವುದು ನಾನು. ಕಥೆ ಹೇಳುವುದು ನಾನು. ಹಾಜರಿ, ಬಣ್ಣದ ಕಾಗದ ಕತ್ತರಿಸುವುದು, ಬಂದ ಮಕ್ಕಳ ಲೆಕ್ಕ ನೋಡಿ ಮಂಡಕ್ಕಿ ಒಗ್ಗರಣೆ ಮಾಡಿಸುವುದು, ಬರದ ಮಕ್ಕಳ ಮನೆಗೆ ಫೋನ್ ಮಾಡುವುದು, ಎಲ್ಲ ನಾನೇ. ಮೊದಲು ಜೊತೆಗಿದ್ದ ಹುಡುಗಿ ಮದುವೆಯಾಗಿ ಹುಬ್ಬಳ್ಳಿಗೆ ಹೋಗಿದ್ದಳು. ಬೇರೆ ಯಾರನ್ನೂ ನಾನು ಕೇಳಲಿಲ್ಲ. ಕೇಳಿದರೆ ಸರಿಯಾಗಿ ಮಾಡುತ್ತಾರೋ ಇಲ್ವೋ ಅನ್ನೋ ಅನುಮಾನ. ರಾತ್ರಿ ಮನೆಗೆ ಬಂದು ಯೂನಿಫಾರಂ ಹೊಲಿಯಲು ಕೂರುತ್ತಿದ್ದೆ. ಪ್ರಾರ್ಥನೆಗೆ ಮಂಡಿಯೂರಿದರೆ ಅಲ್ಲೇ ನಿದ್ದೆ.

ಕೊನೇ ದಿನ ಮಕ್ಕಳ ಮುಂದೆ ಗಲಾತ್ಯದವರಿಗೆ ಬರೆದ ಪತ್ರದ ಆರನೇ ಅಧ್ಯಾಯ ತೆಗೆದೆ. ಒಳ್ಳೇದನ್ನು ಮಾಡುವುದರಲ್ಲಿ ಬೇಸರಪಡಬಾರದು ಅನ್ನೋ ವಾಕ್ಯ ಹೇಳಿಕೊಡಬೇಕಿತ್ತು. ಪುಸ್ತಕ ಒತ್ತಿ ಹಿಡಿದದ್ದೇ ತಡ, ನಾಲ್ಕು ಹಾಳೆ ಕಿತ್ತು ಬಂದವು. ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಹಾಳೆಗಳೆಲ್ಲ ಮಕ್ಕಳ ತಲೆ ಮೇಲೆ ಹಾರಿದವು. ಮಕ್ಕಳು ಎದ್ದು ಓಡಾಡಿ ಹಿಡಿದು ತಂದುಕೊಟ್ಟರು. ಒಂದು ಹಾಳೆ ಸಿಗಲೇ ಇಲ್ಲ. ಕೊನೆಗೆ ಒಬ್ಬ ಚಿಕ್ಕ ಹುಡುಗ ಚಾಪೆ ಕೆಳಗಿಂದ ತೆಗೆದು, ಧೂಳು ಊದಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಅದನ್ನು ಅವನ ಕೈಯಿಂದ ತೆಗೆದುಕೊಳ್ಳುವಾಗ ನನಗೆ ಅಳು ಬಂದುಬಿಟ್ಟಿತು. ಮಕ್ಕಳೆಲ್ಲ ಸುಮ್ಮನಾದರು.

ಸಂಜೆ ನಮ್ಮ ಪಾಸ್ಟರ್ ಹತ್ತಿರ ಹೋಗಿ ಇನ್ನು ಜೂನ್‌ನಿಂದ ನನ್ನ ಕೈಲಾಗಲ್ಲ ಅಂತ ಹೇಳಿದೆ. ಅವರು ಉಪದೇಶ ಮಾಡಲಿಲ್ಲ. ಎರಡು ನಿಮಿಷ ಸುಮ್ಮನಿದ್ದು, "ಒಂದು ತಿಂಗಳು ಬಿಡಮ್ಮಾ. ಆಮೇಲೆ ಮಾತಾಡೋಣ. ಅಷ್ಟರಲ್ಲಿ ಆ ಸತ್ಯವೇದ ಸರಿ ಮಾಡಿಸ್ಕೋ" ಅಂದರು. ಮಂಡಿಪೇಟೆ ಚಾಚಾ ಅಂಗಡಿಯ ದಾರಿ ಹೇಳಿದವರೂ ಅವರೇ.

ಹೋದ ದಿನ ಚಾಚಾ ಅಡಿಕೆ ಮಂಡಿಯವರ ಒಂದು ಉದ್ದನೆ ಲೆಕ್ಕದ ಪುಸ್ತಕ ಹೊಲಿಯುತ್ತಿದ್ದರು. ನನ್ನ ಚೀಲದಿಂದ ಸತ್ಯವೇದ ತೆಗೆದದ್ದು ನೋಡಿ ಎದ್ದು ಹೋಗಿ ಕೈ ತೊಳೆದುಕೊಂಡು, ಒರೆಸಿಕೊಂಡು ಬಂದರು. ನಾನೇನೂ ಹೇಳಿರಲಿಲ್ಲ. ಆಮೇಲೆ ಗೊತ್ತಾಯಿತು, ಕುರಾನ್ ಬಂದರೂ, ಭಗವದ್ಗೀತೆ ಬಂದರೂ, ವಚನದ ಪುಸ್ತಕ ಬಂದರೂ ಅವರು ಹೀಗೇ ಮಾಡುತ್ತಾರೆ.

"ಇದಕ್ಕೆ ಪಿನ್ ಹೊಡೆದೋರು ಯಾರ್ರೀ ಅಕ್ಕಾರೆ?" ಅಂತ ಕೇಳಿದರು. ಬೈಯುವ ದನಿ ಅಲ್ಲ, ಮೈಮೇಲಿನ ಗಾಯ ನೋಡಿದ ಡಾಕ್ಟರ್ ಕೇಳುವ ಹಾಗೆ. ಸಣ್ಣ ಇಕ್ಕಳದಿಂದ ಒಂದೊಂದೇ ಪಿನ್ ಎಬ್ಬಿಸಿ ತೆಗೆದರು. ತುಕ್ಕು ಹಿಡಿದಿತ್ತು. ಹತ್ತಿಗೆ ಒಂಚೂರು ಪೆಟ್ರೋಲ್ ಮುಟ್ಟಿಸಿ ನಾನು ಹಚ್ಚಿದ್ದ ಟೇಪುಗಳನ್ನು ಬಿಡಿಸಿದರು. ಒಂದು ಟೇಪ್ ಬಿಡಿಸಲು ಐದು ನಿಮಿಷ. ಅಂತಹವು ಇಪ್ಪತ್ತರ ಮೇಲಿದ್ದವು. ನನಗೆ ಒಂದು ಸ್ಟೂಲ್ ಕೊಟ್ಟರು. ಬಿಡಿ ಹಾಳೆಗಳನ್ನು ಕ್ರಮವಾಗಿ ಜೋಡಿಸಿಕೊಡಿ, ನಿಮಗೆ ಬೇಗ ಆಗುತ್ತದೆ ಅಂದರು. ಗಲಾತ್ಯ, ಎಫೆಸ, ಫಿಲಿಪ್ಪಿ, ಕೊಲೊಸ್ಸೆ ಅಂತ ನಾನು ಜೋಡಿಸುತ್ತಾ ಕೂತೆ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಅಷ್ಟು ಹೊತ್ತು ಏನೂ ಕಲಿಸಬೇಕಿಲ್ಲದೆ, ಯಾರಿಗೂ ಉತ್ತರ ಕೊಡಬೇಕಿಲ್ಲದೆ ಆ ಪುಟಗಳ ಜೊತೆ ನಾನು ಕೂತು ಎಷ್ಟೋ ವರ್ಷ ಆಗಿತ್ತು.

ಈಗ ಅವರ ಕೆಲಸದ ಬಗ್ಗೆ ಹೇಳುತ್ತೇನೆ. ಹೊಲಿಗೆಯವಳಾದ್ದರಿಂದ ನನಗೆ ಇದನ್ನು ನೋಡುವುದೇ ಒಂದು ಸಂತೋಷ.

ಹೊಲಿದ ಪುಸ್ತಕ ಅಂದರೆ ಬಿಡಿ ಹಾಳೆಗಳ ಕಟ್ಟಲ್ಲ. ದೊಡ್ಡ ಹಾಳೆಯನ್ನು ಮಡಚಿ ಮಡಚಿ ಮಾಡಿದ ಸಣ್ಣ ಸಣ್ಣ ಕಟ್ಟುಗಳು. ಅದಕ್ಕೆ ಫಾರಂ ಅನ್ನುತ್ತಾರೆ. ಫಾರಂನ ನಡುವಿನ ಮಡಿಕೆಯಲ್ಲಿ ಸೂಜಿ ಹಾಕಿ ಹೊಲಿದರೆ ಪುಸ್ತಕ ಹೂವಿನ ಹಾಗೆ ಅರಳಿ ಮಲಗುತ್ತದೆ. ಪಕ್ಕದಿಂದ ಚುಚ್ಚಿದರೆ ಬಾಯಿ ಬಿಡುವುದಿಲ್ಲ. ನನ್ನ ಪುಸ್ತಕದಲ್ಲಿ ಹೊಸ ಒಡಂಬಡಿಕೆಯ ಕಡೆ, ಅಂದರೆ ಸತ್ಯವೇದದ ಎರಡನೇ ಭಾಗದಲ್ಲಿ, ಮಡಿಕೆಗಳೇ ಹರಿದುಹೋಗಿದ್ದವು. ಚಾಚಾ ಹಾಗೆ ಬಿಡಿಯಾದ ಹಾಳೆಗಳನ್ನು ಎರಡೆರಡಾಗಿ ಸೇರಿಸಿ, ಬೆನ್ನಿಗೆ ಬೆರಳಗಲ ಕೂಡ ಇಲ್ಲದ ತೆಳು ಟಿಶ್ಯೂ ಕಾಗದದ ಪಟ್ಟಿ ಅಂಟಿಸಿ, ಮತ್ತೆ ಮಡಿಕೆ ಮಾಡಿದರು. ಅಂಟು ಅವರೇ ಕಾಯಿಸುವುದು. ಮೈದಾಹಿಟ್ಟು, ನೀರು, ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ. ನಿನ್ನೆಯ ಅಂಟು ಇವತ್ತು ಮುಟ್ಟುವುದಿಲ್ಲ.

ಆಮೇಲೆ ಹೊಲಿಗೆ. ಬೆನ್ನಿನ ಉದ್ದಕ್ಕೆ ಮೂರು ಕಡೆ ಹತ್ತಿಯ ಪಟ್ಟಿ ಅಡ್ಡ ಇಟ್ಟು, ಮೇಣ ಸವರಿದ ದಾರವನ್ನು ಒಳಗಿಂದ ಹೊರಗೆ ತಂದು ಪಟ್ಟಿಯನ್ನು ಸುತ್ತಿಸಿ ಮತ್ತೆ ಒಳಗೆ ಕಳಿಸುತ್ತಾರೆ. ಒಂದು ಫಾರಂ ಮುಗಿದರೆ ಅದರ ಮೇಲೆ ಇನ್ನೊಂದು. ತುದಿಯಲ್ಲಿ ಕೆಳಗಿನದಕ್ಕೂ ಮೇಲಿನದಕ್ಕೂ ಸೇರಿಸಿ ಒಂದು ಗಂಟು. ಹೊಲಿಗೆ ಆದ ಮೇಲೆ ಒಂದು ಹಾಳೆ ಹಿಡಿದು ಎಳೆದು ನೋಡಿ ಅಂದರು. ಎಳೆದೆ. ಎಳೆತ ಒಂದು ದಾರಕ್ಕೆ ಬೀಳಲಿಲ್ಲ. ಮೂರೂ ಪಟ್ಟಿಗಳಿಗೆ ಹಂಚಿಹೋಯಿತು.

ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಚೀಲದ ಹಿಡಿಕೆ ಹೊಲಿಯುವಾಗ, ಬ್ಲೌಸಿಗೆ ಹುಕ್ ಹಾಕುವಾಗ, ಎಳೆತ ಬೀಳುವ ಜಾಗದ ಹಿಂದೆ ನಾವು ಒಂದು ಪಟ್ಟಿ ಕೊಡುತ್ತೇವೆ. ಕೊಡದಿದ್ದರೆ ದಾರ ಹಾಗೇ ಇರುತ್ತದೆ, ಬಟ್ಟೆ ಹರಿಯುತ್ತದೆ. 25 ವರ್ಷದಿಂದ ದಿನಾ ಮಾಡುವ ಕೆಲಸ. ಆದರೂ ಸಂಡೇ ಸ್ಕೂಲಿನಲ್ಲಿ ಎಲ್ಲ ಎಳೆತಕ್ಕೂ ನಾನೊಬ್ಬಳೇ ನಿಂತಿದ್ದೆ. ಹಿಂದೆ ಒಂದು ಪಟ್ಟಿ ಇಟ್ಟುಕೊಂಡಿರಲಿಲ್ಲ. ಆ ಸ್ಟೂಲಿನ ಮೇಲೆ ಕೂತು ಇದು ಹೊಳೆದಾಗ ಎದೆ ಮೇಲಿಂದ ಏನೋ ಇಳಿದ ಹಾಗಾಯಿತು. ನನ್ನ ಭಕ್ತಿ ಕಡಿಮೆಯಾಗಿದೆ, ಅದಕ್ಕೇ ಸುಸ್ತು ಅಂತ ನಾನು ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡಿದ್ದೆ.

ಚಾಚಾ ಮಾತು ಕಡಿಮೆ. ಆದರೆ ಒಂದು ಸಲ ಕೇಳಿದರು, "ಇದು ಕನ್ನಡಕ್ಕೆ ಯಾವಾಗ ಬಂತ್ರಿ?" ನನಗೆ ಗೊತ್ತಿದ್ದಷ್ಟು ಹೇಳಿದೆ. ಲಂಡನ್ ಮಿಷನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ ಅನ್ನುವವರು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದ ಶುರು ಮಾಡಿದರು. ಮುಂದೆ ವಿಲಿಯಂ ರೀವ್ ಜೊತೆಯಾದರು. ಹಳೇ ಒಡಂಬಡಿಕೆ, ಹೊಸ ಒಡಂಬಡಿಕೆ ಎರಡೂ ಸೇರಿ ಇಡೀ ಸತ್ಯವೇದ ಬಳ್ಳಾರಿಯಲ್ಲಿ ಅಚ್ಚಾಗಿ ಮುಗಿಯುವಾಗ 1831. ಚಾಚಾ ಬೆರಳು ಮಡಚಿ ಲೆಕ್ಕ ಹಾಕಿದರು. "ಇಪ್ಪತ್ತೊಂದು ವರ್ಷ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ನೀವು ಎಂಟು ದಿನಕ್ಕೆ ಅವಸರ ಮಾಡಬ್ಯಾಡ್ರಿ" ಅಂತ ನಕ್ಕರು.

ಅವಸರ ಮಾಡಲಿಲ್ಲ. ಎಂಟು ದಿನ ಅಂತ ಹೇಳಿದ್ದರು, 13 ದಿನ ಹಿಡಿಯಿತು. ಅಷ್ಟು ದಿನ ಮೊಬೈಲ್‌ನಲ್ಲೇ ಓದಿದೆ. ಪಾಠಕ್ಕೆ ಅಂತ ಅಲ್ಲ, ನನಗೆ ಅಂತ. ವಿಮೋಚನಕಾಂಡ 18ರಲ್ಲಿ ಮೋಶೆಯ ಮಾವ ಇತ್ರೋ ಬಂದು ನೋಡುತ್ತಾನೆ. ಅಳಿಯ ಬೆಳಿಗ್ಗೆಯಿಂದ ಸಾಯಂಕಾಲದ ತನಕ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಿದ್ದಾನೆ. ಇದು ಒಳ್ಳೇದಲ್ಲ, ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಅಂತಾನೆ. ಜನರೂ ದಣಿಯುತ್ತಾರೆ ಅನ್ನುವುದು ನನಗೆ ಇಷ್ಟು ವರ್ಷ ಕಂಡೇ ಇರಲಿಲ್ಲ. ನಾನು ಸಿಡುಕಿದಾಗ ಮಕ್ಕಳ ಮುಖ ಹೇಗಾಗುತ್ತಿತ್ತು ಅಂತ ನೆನಪಾಯಿತು. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅಂತ ಇತ್ರೋ ಹೇಳುತ್ತಾನೆ. ನನಗೆ ಹತ್ತು ಮಕ್ಕಳಿಗೆ ಒಬ್ಬರು ಸಿಕ್ಕರೂ ಸಾಕು.

ಅರಸುಗಳ ಮೊದಲನೇ ಪುಸ್ತಕ 19ನೇ ಅಧ್ಯಾಯವನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಗಾಳಿ, ಭೂಕಂಪ, ಬೆಂಕಿ, ಆಮೇಲೆ ಮೆಲ್ಲನೆಯ ದನಿ. ಆದರೆ ಅದಕ್ಕೆ ಮುಂಚೆ ಏನಿದೆ? ಪ್ರವಾದಿ ಎಲೀಯ ಸಾಕಾಗಿದೆ ಅಂತ ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೂತ ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲವೂ ಊಟವೇ. ಅದರ ಬಲದಿಂದ 40 ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೇ ದೇವರ ಮಾತು. ಕೊನೆಗೆ ಜೊತೆಗಾರನಾಗಿ ಎಲೀಷನೂ ಸಿಗುತ್ತಾನೆ. ಇದನ್ನು ಓದಿದ ಭಾನುವಾರ ನಾನು ಸಭೆಯಿಂದ ಬಂದು ಊಟ ಮಾಡಿ ಮೂರು ಗಂಟೆ ಮಲಗಿದೆ. ಯೂನಿಫಾರಂ ಒಂದು ದಿನ ತಡವಾಗಿ ಕೊಟ್ಟೆ.

ಆ ವಾರವೇ ಅಂಗಡಿಯ ಅಳತೆ ಪುಸ್ತಕದ ಒಂದು ಪುಟದಲ್ಲಿ ಸಂಡೇ ಸ್ಕೂಲಿನ ಕೆಲಸ ಎಲ್ಲ ಬರೆದೆ. 14 ಆದವು. ನಾನೇ ಮಾಡಬೇಕಾದದ್ದು ಯಾವುದು ಅಂತ ಗುರುತು ಹಾಕಿದರೆ ಮೂರೇ ಇದ್ದವು. ಉಳಿದದ್ದನ್ನು ಕೇಳಲು ಹೊರಟೆ. ಡಿಗ್ರಿ ಓದುವ ಒಂದು ಹುಡುಗಿ ಹಾಡು ಒಪ್ಪಿಕೊಂಡಳು. "ಆಂಟಿ, ನೀವು ಕೇಳಲಿ ಅಂತಾನೇ ಕಾಯ್ತಿದ್ದೆ" ಅಂದಳು. ತಿಂಡಿ ಇಬ್ಬರು ತಾಯಂದಿರಿಗೆ. ಹಾಜರಿ ಪುಸ್ತಕ ಒಂಬತ್ತನೇ ಕ್ಲಾಸಿನ ಹುಡುಗನಿಗೆ. ಮೊದಲ ವಾರ ಅವನು ಎರಡು ಹೆಸರು ಬಿಟ್ಟಿದ್ದ. ತಿದ್ದಲು ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಮುಂದಿನ ವಾರ ಅವನೇ ಸರಿ ಮಾಡಿದ. ಸೇವೆಯಲ್ಲಿ ಸೋತು ಕೂತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ಹೀಗೆ ಒಂದು ಸಲ ಬರೆದು ನೋಡಿ. ಒಂದು ಹಾಳೆ, ಒಂದು ಪೆನ್ನು, ಅರ್ಧ ಗಂಟೆ ಸಾಕು.

ಸತ್ಯವೇದ ಕೈಗೆ ಬಂದ ದಿನದ ಬಗ್ಗೆ. ಮರೂನ್ ಬಣ್ಣದ ರೆಕ್ಸಿನ್, ಒಳಗೆ ಗಟ್ಟಿ ರಟ್ಟು. ಅಪ್ಪ ಬರೆದ ಹಾಳೆಯದೇ ನನಗೆ ಹೆದರಿಕೆ ಇತ್ತು. ಸಾಮಾನ್ಯವಾಗಿ ಬೈಂಡಿಂಗ್ ಮಾಡುವಾಗ ಮೊದಲ ಖಾಲಿ ಹಾಳೆ ತೆಗೆದು ಹೊಸದು ಹಾಕುತ್ತಾರಂತೆ. ಚಾಚಾ ಅದನ್ನು ಬಿಸಾಡಿರಲಿಲ್ಲ. ಅಂಚು ಸುತ್ತಲೂ ಟಿಶ್ಯೂ ಕೊಟ್ಟು, ಹೊಸ ಹಾಳೆಯ ನಂತರ ಹಾಗೇ ಹೊಲಿದಿದ್ದರು. ಹಿಂಬದಿಗೆ ಪೂರ್ತಿ ಅಂಟು ಬಳಿಯದೆ ಬಿಟ್ಟಿದ್ದರು. ಬೆರಳಾಡಿಸಿದೆ. ಅಪ್ಪನ ಅಕ್ಷರ ಇನ್ನೂ ಕೈಗೆ ಸಿಗುತ್ತದೆ. ಗುರುತಿಗೆ ನಾನು ಕೊಟ್ಟಿದ್ದ ನೀಲಿ ಸ್ಯಾಟಿನ್ ತುಂಡಿನಿಂದ ಎರಡು ರಿಬ್ಬನ್ ಮಾಡಿ ಬೆನ್ನಿಗೆ ಸೇರಿಸಿದ್ದರು. ಒಂದು ಮಕ್ಕಳ ಪಾಠಕ್ಕೆ, ಒಂದು ನನ್ನ ಓದಿಗೆ. ಅಲ್ಲೇ ಮೇಜಿನ ಮೇಲಿಟ್ಟು ಕೀರ್ತನೆ 121 ತೆಗೆದು ಕೈ ಬಿಟ್ಟೆ. ಪುಸ್ತಕ ತೆರೆದೇ ಮಲಗಿತು. ಈಗ ಮಿಷನ್ ಪಕ್ಕ ಹಾಗೇ ತೆರೆದಿಟ್ಟುಕೊಂಡು, ಬಾಬಿನ್ ತುಂಬುವ ಹೊತ್ತಲ್ಲಿ ಎರಡು ವಾಕ್ಯ ಓದುತ್ತೇನೆ.

ಕೊರತೆಗಳನ್ನೂ ಹೇಳಬೇಕು. ಒಂದು ನನಗೆ ನಿಜವಾಗಿ ನೋವಾಯಿತು. ಕೊನೆಯಲ್ಲಿ ಕಟಿಂಗ್ ಮಿಷನ್‌ಗೆ ಇಟ್ಟು ಅಂಚು ಸಮ ಮಾಡಿದ್ದಾರೆ. 20 ವರ್ಷದಿಂದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದ ಟಿಪ್ಪಣಿಗಳ ತುದಿ ಹೋಗಿದೆ. ಯೆಶಾಯ 40ರ ಪಕ್ಕ ಬರೆದಿದ್ದ ಒಂದು ಮಗುವಿನ ಹೆಸರಿನಲ್ಲಿ ಕೊನೇ ಅಕ್ಷರ ಇಲ್ಲ. ತೋರಿಸಿದಾಗ ಚಾಚಾ ಮುಖ ಸಣ್ಣದಾಯಿತು. "ಹೇಳಿದ್ರೆ ಕತ್ತರಿಸ್ತಿರಲಿಲ್ಲ ಅಕ್ಕಾರೆ, ನಾನೂ ನೋಡಬೇಕಿತ್ತು" ಅಂದರು. ಆದ್ದರಿಂದ ಕೊಡುವಾಗಲೇ ಅಂಚು ಕತ್ತರಿಸಬೇಡಿ ಅಂತ ಹೇಳಿ. ಒಂದೇ ಸಲ ಅಲ್ಲ, ಎರಡು ಸಲ ಹೇಳಿ. ಚಿನ್ನದ ಬಣ್ಣದ ಅಕ್ಷರ ಹಾಕುವುದು ಅವರಲ್ಲಿ ಇಂಗ್ಲಿಷಿನಲ್ಲಿ ಮಾತ್ರ, ಕನ್ನಡ ಅಚ್ಚು ಇಲ್ಲ. ನಾನು ಏನೂ ಬರೆಸಲಿಲ್ಲ. ಹೇಳಿದ ದಿನಕ್ಕೆ ಸಿಗುವುದಿಲ್ಲ, ವಾರ ಜಾಸ್ತಿ ಇಟ್ಟುಕೊಳ್ಳಿ. ಹೊಸ ಅಂಟಿನ ವಾಸನೆ ನಾಲ್ಕೈದು ದಿನ ಇರುತ್ತದೆ.

ನನಗೆ ಆದ ಖರ್ಚು 380 ರೂಪಾಯಿ. ಹಾಳೆ ಹರಿದಿಲ್ಲದ ಸತ್ಯವೇದಕ್ಕೆ 250, ಸಣ್ಣ ಹಾಡಿನ ಪುಸ್ತಕಕ್ಕೆ 70. ನಗದು ಮಾತ್ರ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುತ್ತಾರೆ, ಆಗ ಹೋಗಬೇಡಿ. ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟ್ ಬರುವ ದಿನಗಳಲ್ಲಿ ಬೇರೆ ಕೆಲಸ ಹಿಡಿಯುವುದಿಲ್ಲ. ಕೈಯಲ್ಲಿ ಇರುವಷ್ಟು ಮುಗಿಯದೆ ಹೊಸದು ತೆಗೆದುಕೊಳ್ಳುವುದಿಲ್ಲ ಅಂತ ನನ್ನ ಎದುರೇ ಒಬ್ಬರಿಗೆ ಕೈಮುಗಿದು ಹೇಳಿ ಕಳಿಸಿದರು. ಹಾಗೆ ಇಲ್ಲ ಅನ್ನುವುದನ್ನು ನಾನು ಅವರಿಂದ ಕಲಿಯಬೇಕು.

380 ರೂಪಾಯಿಗೆ ಇನ್ನಷ್ಟು ಹಾಕಿದರೆ ಹೊಸದೇ ಬರುತ್ತಿತ್ತಲ್ಲ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಹೌದು, ಬರುತ್ತಿತ್ತು. ಹೊಸ ವಿಶ್ವಾಸಿಗೆ ಕೊಡುವುದಾದರೆ ಹೊಸದನ್ನೇ ಕೊಡಿ. ಆದರೆ ಸೇವೆ ಮಾಡುವವರಿಗೆ ತಮ್ಮದೇ ಪುಸ್ತಕದ ಪುಟ ಗೊತ್ತಿರುತ್ತದೆ. ಆ ವಾಕ್ಯ ಎಡಗಡೆ ಕೆಳಗಿದೆ ಅಂತ ಕಣ್ಣಿಗೆ ಗೊತ್ತಿರುತ್ತದೆ. ಇನ್ನೊಂದು ಮಾತು. ನಮಗಾಗಿ ಏನಾದರೂ ಕೇಳಲು ನಾವು ನಾಚುತ್ತೇವೆ. ಪೌಲನು ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೇ ಅಧ್ಯಾಯ ನೋಡಿ. ಸೆರೆಮನೆಯಲ್ಲಿ ಕೂತು, ತ್ರೋವ ಪಟ್ಟಣದಲ್ಲಿ ಕರ್ಪನ ಹತ್ತಿರ ಬಿಟ್ಟುಬಂದ ಮೇಲಂಗಿ ತಾ, ಪುಸ್ತಕಗಳನ್ನೂ ತಾ, ಅದರಲ್ಲೂ ಚರ್ಮದ ಕಾಗದಗಳನ್ನು ಮರೀಬೇಡ ಅಂತ ಕೇಳುತ್ತಾನೆ. ಚಳಿಗಾಲಕ್ಕೆ ಮುಂಚೆ ಬಾ ಅಂತಾನೆ. ಅಷ್ಟು ದೊಡ್ಡ ಅಪೊಸ್ತಲನಿಗೂ ಬೆಚ್ಚಗಿನ ಬಟ್ಟೆ ಬೇಕಿತ್ತು, ಓದಲು ಪುಸ್ತಕ ಬೇಕಿತ್ತು, ಜೊತೆಗೆ ಒಬ್ಬರು ಬೇಕಿತ್ತು. ಸಭೆಯ ಹಿರಿಯರು ಇದನ್ನು ಓದುತ್ತಿದ್ದರೆ, ನಿಮ್ಮ ಸಂಡೇ ಸ್ಕೂಲ್ ಟೀಚರ್ ಕೈಯಲ್ಲಿರುವ ಸತ್ಯವೇದ ಹೇಗಿದೆ ಅಂತ ಈ ಭಾನುವಾರ ಒಂದು ಸಲ ಕೇಳಿ.

ನಮ್ಮ ಹಿರಿಯರು ಕೇಳಿದರು. ಸಭೆಯ 22 ಹಾಡಿನ ಪುಸ್ತಕಗಳನ್ನೂ ಚಾಚಾಗೆ ಕೊಡಲು ಒಪ್ಪಿದ್ದಾರೆ. ಕ್ರಿಸ್ಮಸ್ ಅವಸರಕ್ಕೆ ಸಿಕ್ಕಿಕೊಳ್ಳದ ಹಾಗೆ ಈ ತಿಂಗಳೇ ಕೊಡುತ್ತಿದ್ದೇವೆ. ತೆಗೆದುಕೊಂಡು ಹೋಗುವುದು ನಾನಲ್ಲ, ಹಾಡು ಕಲಿಸುವ ಹುಡುಗಿ. ಅವಳ ಕೈಗೆ ಮಳಿಗೆಯ ದಾರಿ ಬರೆದುಕೊಟ್ಟಿದ್ದೇನೆ. ಮೇಲಿನ ಪುಸ್ತಕದೊಳಗೆ ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯನ್ನೂ ಇಟ್ಟಿದ್ದೇನೆ: ಚಾಚಾ, ಅಂಚು ಕತ್ತರಿಸಬೇಡಿ.